ಕೇಳದೆ ಕೊಟ್ಟ ಬಿಡುವು

ಸಂಘದವರು ನನ್ನ ಎಂಟನೇ ಕಂತನ್ನು ತೆಗೆದುಕೊಳ್ಳಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ಓರಗಿತ್ತಿ ದಾಕ್ಷಾಯಣಿಯ ಮನೆಯ ನೆರಳು ಎಂಟು ಗೇಣಾಗಿತ್ತು. ನನ್ನ ಮನೆಯದು ಏಳೇ ಗೇಣು.

ಅಳತೆ ಮಾಡಿಯೇ ಹೇಳುತ್ತಿದ್ದೇನೆ. ಮಾಡಬಾರದಿತ್ತು ಎಂದು ಈಗಲೂ ಅನ್ನಿಸುತ್ತದೆ. ಅವಳು ನಲ್ಲಿಗೆ ಹೋದ ಹೊತ್ತು ನೋಡಿ ಅವಳ ಅಂಗಳಕ್ಕೆ ಹೋದೆ. ಗೋಡೆಯ ಬುಡದಿಂದ ಗೇಣುದ್ದದ ಊದುಬತ್ತಿಯ ಕಡ್ಡಿಯನ್ನು ಒಂದರ ಮುಂದೆ ಒಂದರಂತೆ ಇಟ್ಟು ಎಣಿಸಿದೆ. ಯಾರಾದರೂ ಕಂಡರೆ ರಂಗೋಲಿಗೆ ಚುಕ್ಕಿ ಇಡುತ್ತಿದ್ದೇನೆ ಎನ್ನಲು ಎಡಗೈಯಲ್ಲಿ ರಂಗೋಲಿ ಪುಡಿ ಹಿಡಿದಿದ್ದೆ. ಬೇರೆಯವರ ಅಂಗಳದಲ್ಲಿ ಯಾರು ರಂಗೋಲಿ ಇಡುತ್ತಾರೆ ಎಂಬುದು ಮನೆಗೆ ಬಂದ ಮೇಲೆ ಹೊಳೆಯಿತು. ಆ ದಿನವೆಲ್ಲ ಯಾರೋ ನೋಡಿರಬೇಕು ಎಂದು ಬೀದಿಗೆ ಇಣುಕುತ್ತಲೇ ಇದ್ದೆ.

ನಮ್ಮೂರಿನಲ್ಲಿ ಸಾಲದ ಮನೆಗೆ ನೆರಳಿರುವುದಿಲ್ಲ. ಕಂತು ಕಟ್ಟಿದಂತೆಲ್ಲ, ಒಂದು ಕಂತಿಗೆ ಒಂದು ಗೇಣಿನಂತೆ, ಗೋಡೆಯ ಬುಡದಿಂದ ಅಂಗಳದ ಕಡೆಗೆ ನೆರಳು ಬರುತ್ತದೆ. ಬಂದ ನೆರಳು ಹಾಸಿದ ಚಾಪೆಯಂತೆ ಬೆಳಗಿನಿಂದ ಸಂಜೆಯವರೆಗೆ ಅಲ್ಲೇ ಇರುತ್ತದೆ. ಸಾಲ ತೀರದ ಅಂಗಳದಲ್ಲಿ ಚಪ್ಪರ ಹಾಕಿದರೂ, ಬೇವಿನ ಗಿಡ ನೆಟ್ಟರೂ ಅವಕ್ಕೂ ನೆರಳು ಹುಟ್ಟುವುದಿಲ್ಲ. ಹೆಣ್ಣು ನೋಡಲು ಬಂದವರು ಮೊದಲು ಅಂಗಳವನ್ನೇ ನೋಡುತ್ತಾರೆ. ನಲ್ಲಿಯ ಹತ್ತಿರ ಜಗಳವಾದರೆ, "ನಿನ್ನ ಅಂಗಳದಾಗೆ ನಾಯೀನೂ ಮಲಗಲ್ಲ ಹೋಗೆ" ಎಂದು ಬೈಯುತ್ತಾರೆ. ಅದಕ್ಕಿಂತ ದೊಡ್ಡ ಬೈಗುಳ ನಮ್ಮಲ್ಲಿಲ್ಲ.

ನನ್ನ ಗಂಡ ಮುರಿಗೇಶ, ದಾಕ್ಷಾಯಣಿಯ ಗಂಡ ಬಸವಂತ ಅಣ್ಣತಮ್ಮಂದಿರು. ಇಬ್ಬರೂ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಾರೆ. ಎದುರುಬದುರು ಎರಡು ಮನೆ ಕಟ್ಟಿಸಿದಾಗ ಸಾಲವನ್ನು ಹೆಂಗಸರ ಹೆಸರಿನಲ್ಲಿ ಕೊಡುವುದು ಸಂಘದ ಪದ್ಧತಿಯಾದ್ದರಿಂದ ನಾನೂ ದಾಕ್ಷಾಯಣಿಯೂ ಒಂದೇ ದಿನ, ಒಂದೇ ಬೆಂಚಿನಲ್ಲಿ ಕುಳಿತು ಸಾಲ ತೆಗೆದುಕೊಂಡೆವು. ನಾನು ಸಹಿ ಮಾಡಿದೆ, ಅವಳು ಹೆಬ್ಬೆಟ್ಟು ಒತ್ತಿದಳು. ಏಳು ತಿಂಗಳು ಎರಡೂ ನೆರಳು ಸಮಸಮವಾಗಿ ಬೆಳೆದವು. ಆ ಏಳು ತಿಂಗಳು ನಾವಿಬ್ಬರೂ ಚೆನ್ನಾಗಿಯೇ ಇದ್ದೆವು.

ನೆರಳು ನನಗೆ ಬರಿಯ ಮರ್ಯಾದೆಯ ಮಾತಾಗಿರಲಿಲ್ಲ. ನಾನು ಊದುಬತ್ತಿ ಹೊಸೆಯುತ್ತೇನೆ. ಬತ್ತಿಗೆ ನೆರಳೂ ಬೇಕು, ಗಾಳಿಯೂ ಬೇಕು. ಬಿಸಿಲಿಗೆ ಇಟ್ಟರೆ ಸೀಳುತ್ತದೆ, ಮನೆಯೊಳಗಿಟ್ಟರೆ ಬೂಸು ಹಿಡಿಯುತ್ತದೆ. ಒಣಗಿಸಲು ಸ್ವಂತ ನೆರಳಿಲ್ಲದವರಿಗೆ ಮಂಡಿಯವರು ಹಸಿಬತ್ತಿ ಹೊಸೆಯುವ ಕೂಲಿಯಷ್ಟೇ ಕೊಡುತ್ತಾರೆ. ಬತ್ತಿ ಹರಡುವ ಒಂಬತ್ತು ಗೇಣಿನ ತಡಿಕೆ ಹಿಡಿಯುವಷ್ಟು ನೆರಳಿದ್ದವರಿಗೆ ಮಲ್ಲಿಗೆ ಬತ್ತಿಯ ಆರ್ಡರು ಸಿಗುತ್ತದೆ. ಮಂಡಿಯ ಗೌಸ್ ಸಾಹೇಬರು ನನ್ನ ಬತ್ತಿಯನ್ನು ಬೆರಳಿನಲ್ಲಿ ಉರುಳಿಸಿ ನೋಡಿ, "ಈ ಬೀದಿಗೆ ಒಂದೇ ಆರ್ಡರು ಗಂಗಮ್ಮ. ಮೂರು ತಿಂಗಳಿಗೆ ಬಂದು ಅಳೀತೀನಿ. ಒಂಬತ್ತು ಗೇಣು ಇದ್ರೆ ನಿಂದೇ" ಎಂದಿದ್ದರು. ಮೂರು ತಿಂಗಳಿಗೆ ನನ್ನದು ಹತ್ತು ಗೇಣಾಗುವುದಿತ್ತು. ಬೆರಳು ಮಡಿಚಿ ಹತ್ತು ಸಲ ಲೆಕ್ಕ ಮಾಡಿದ್ದೆ.

ಅಂಥ ಹೊತ್ತಿನಲ್ಲಿ ಸಂಘದ ಕಿಟಕಿಯಲ್ಲಿ ಕೂರುವ ಕೊಟ್ರೇಶಿ ನನ್ನ ಸಾಲದ ಪುಸ್ತಕವನ್ನು ತಿರುಗಿಸಿ ನೋಡಿ ವಾಪಸ್ಸು ತಳ್ಳಿದ.

"ನಿಮಗೆ ಬಿಡುವು ಆಗೈತಲ್ಲಮ್ಮ. ಆರು ತಿಂಗಳು ಕಟ್ಟಂಗಿಲ್ಲ."

"ಏನು ಬಿಡುವು?"

"ಕಂತಿನ ಬಿಡುವು. ಬ್ಯಾಸಿಗೆ ಅಂತ ಸಂಘ ಕೊಟ್ಟೈತೆ. ನಡೀರಿ, ಹಿಂದಿನವರು ಕಾಯ್ತಾವ್ರೆ."

"ನಾನು ದುಡ್ಡು ತಂದಿದ್ದೀನಿ."

"ತಂದಿದ್ದು ತಗಂಡು ಹೋಗ್ರಿ ಅಂದ್ರೆ ಅಳ್ತಾರಲ್ಲ ಜನ" ಎಂದು ಅವನು ನನ್ನ ಹಿಂದಿನವಳಿಗೆ ಹೇಳಿದ. ಅವಳು ನಕ್ಕಳು. ನಾನೂ ನಕ್ಕುಬಿಟ್ಟೆ. ಅಲ್ಲಿ ಯಾಕೆ ನಕ್ಕೆನೋ ಗೊತ್ತಿಲ್ಲ.

ದಾರಿಯುದ್ದಕ್ಕೂ ನನ್ನದೇ ಏನೋ ತಪ್ಪಾಗಿರಬೇಕು ಅನ್ನಿಸಿತು. ಎಲ್ಲಾದರೂ ಓದದೆ ಸಹಿ ಹಾಕಿದೆನೇ? ಸಂಜೆ ಶಾಲೆಗೆ ಸೇರಿದ ಹೊಸದರಲ್ಲಿ ಸಹಿ ಹಾಕುವ ಉಮೇದಿಗೆ ಕಂಡಕಂಡ ಕಾಗದದ ಮೇಲೆಲ್ಲ ನನ್ನ ಹೆಸರು ಬರೆದಿದ್ದೆ. ಸಕ್ಕರೆ ಪೊಟ್ಟಣದ ಮೇಲೂ ಬರೆದಿದ್ದೆ. ಅಂಥ ಯಾವುದಾದರೂ ಕಾಗದ ಸಂಘದ ಕೈಗೆ ಸಿಕ್ಕಿತೇ?

ಮುರಿಗೇಶನಿಗೆ ಹೇಳಿದೆ. ಅವನು ಬೆನ್ನು ಉಜ್ಜಿಕೊಳ್ಳುತ್ತ, "ಕಟ್ಟಬ್ಯಾಡ ಅಂದ್ರೆ ಕಟ್ಟಬ್ಯಾಡ. ಆ ದುಡ್ಡಾಗೆ ನಂಗೊಂದು ಜೊತೆ ಚಪ್ಪಲಿ ತಗೊ" ಎಂದ. ನಾನು ಚಪ್ಪಲಿ ತಂದುಕೊಡಲಿಲ್ಲ. ದುಡ್ಡನ್ನು ಬೇಳೆ ಡಬ್ಬಿಯಲ್ಲಿಟ್ಟೆ. ಮುಂದಿನ ತಿಂಗಳೂ ಹೋದೆ, ಅದರ ಮುಂದಿನ ತಿಂಗಳೂ ಹೋದೆ. ಕೊಟ್ರೇಶಿ ನನ್ನನ್ನು ಕಂಡರೆ ಪುಸ್ತಕ ತೆರೆಯದೆಯೇ ಕೈ ಆಡಿಸತೊಡಗಿದ.

ಬಿಡುವು ಎಂದರೆ ನಿಂತಲ್ಲೇ ನಿಲ್ಲುವುದು ಎಂದುಕೊಂಡಿದ್ದೆ. ಹಾಗಿರಲಿಲ್ಲ. ಕಂತು ನಿಂತರೂ ಬಡ್ಡಿ ನಿಲ್ಲುವುದಿಲ್ಲ. ತಿಂಗಳಿಗೆ ಎರಡು ಬೆರಳಿನಷ್ಟು ನೆರಳು ಹಿಂದಕ್ಕೆ ಸರಿಯಿತು. ಮೂರನೇ ತಿಂಗಳ ಹೊತ್ತಿಗೆ ಏಳು ಗೇಣು ಇದ್ದದ್ದು ಆರೂವರೆಗೆ ಬಂತು. ಎದುರಿಗೆ ದಾಕ್ಷಾಯಣಿಯ ನೆರಳು ಒಂಬತ್ತಾಯಿತು, ಹತ್ತಾಯಿತು.

ಹತ್ತು ಗೇಣು ನೆರಳು ಎಂದರೆ ಏನೆಂದು ನೋಡಿದವರಿಗೇ ಗೊತ್ತು. ಹೂ ಮಾರುವವಳು ಬುಟ್ಟಿ ಇಳಿಸಿ ಅಲ್ಲೇ ಎರಡು ಗಳಿಗೆ ಕೂರುತ್ತಿದ್ದಳು. ಟಪಾಲಿನವನು ನನ್ನ ಮನೆಯ ಕಾಗದವನ್ನೂ ಅಲ್ಲಿ ನಿಂತೇ ಕೂಗಿ ಕೊಡುತ್ತಿದ್ದ. ಬೀದಿಯ ನಾಯಿಗಳೆಲ್ಲ ಅವಳವೇ ಆದವು. ಕಡೆಗೆ ನಮ್ಮತ್ತೆ. ಅತ್ತೆ ಒಂದು ತಿಂಗಳು ನಮ್ಮಲ್ಲಿ, ಒಂದು ತಿಂಗಳು ಅವರಲ್ಲಿ ಇರುವುದು ಪದ್ಧತಿ. ನಮ್ಮ ಸರದಿಯ ತಿಂಗಳಲ್ಲೇ ಹಗ್ಗದ ಮಂಚವನ್ನು ದರದರ ಎಳೆದುಕೊಂಡು ಎದುರುಮನೆಗೆ ಹೋದರು. ಹೋಗುವಾಗ, "ಊಟ ನಿನ್ನ ಮನೇಲೇ ಮಾಡ್ತೀನಿ ಕಣೆ, ನಿದ್ದೆ ಮಾತ್ರ ಅಲ್ಲಿ" ಎಂದರು. ನನಗೆ ಸಮಾಧಾನ ಹೇಳಿದೆನೆಂದೇ ಅವರು ತಿಳಿದಿದ್ದರು.

ನನ್ನ ಆರೂವರೆ ಗೇಣಿನಲ್ಲಿ ತಡಿಕೆ ಹಿಡಿಯದ್ದರಿಂದ ನನ್ನ ಬತ್ತಿಯನ್ನೂ ನಾನು ಅಲ್ಲೇ ಒಣಗಿಸಬೇಕಾಗಿತ್ತು. "ಹಾಕ್ಕ ಅಕ್ಕ, ನೆರಳೇನು ಸವೆದು ಹೋಗ್ತದಾ" ಎನ್ನುತ್ತಿದ್ದಳು ದಾಕ್ಷಾಯಣಿ. ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಅವಳ ಅಂಗಳದಲ್ಲಿ ಬಗ್ಗಿ ಬತ್ತಿ ತಿರುವುವಾಗ ಅವಳ ನೆರಳಿನ ತಂಪು ನನ್ನ ಬೆನ್ನಿಗೆ ಹಿತವಾಗಿ ತಾಗುತ್ತಿತ್ತು. ಆ ಹಿತಕ್ಕೇ ನನಗೆ ಹೊಟ್ಟೆ ಉರಿಯುತ್ತಿತ್ತು. ಇವಳಿಗೆ ಬತ್ತಿ ಹೊಸೆಯಲು ಬರುವುದಿಲ್ಲ, ಓದಲು ಬರುವುದಿಲ್ಲ, ಕಂತಿನ ತಾರೀಕು ನೆನಪಿರುವುದಿಲ್ಲ. ತಾರೀಕನ್ನು ಪ್ರತಿ ತಿಂಗಳು ನೆನಪಿಸುವವಳು ನಾನೇ. ಹತ್ತನೇ ಕಂತಿನ ತಿಂಗಳು ನೆನಪಿಸಲಿಲ್ಲ. ಆದರೂ ಕಟ್ಟಿ ಬಂದಳು.

ಸಂಜೆ ಶಾಲೆಯಲ್ಲಿ ಸರ್ವಮಂಗಳ ಟೀಚರು ಆ ವಾರ ವಿಭಕ್ತಿ ಪ್ರತ್ಯಯ ಹೇಳಿಕೊಡುತ್ತಿದ್ದರು. ಮನೆಯಲ್ಲಿ ಅಚ್ಚಾದ ಕಾಗದ ಏನಿದ್ದರೂ ತನ್ನಿ, ಅದರಲ್ಲೇ ಹುಡುಕೋಣ ಎಂದಿದ್ದರು. ಒಬ್ಬಳು ಬೆಂಕಿಪೊಟ್ಟಣ ತಂದಳು, ಇನ್ನೊಬ್ಬಳು ಲಗ್ನಪತ್ರಿಕೆ. ನಾನು ಸಾಲದ ಪುಸ್ತಕ ಒಯ್ದಿದ್ದೆ. ಅದರ ಕಡೆಯ ಪುಟದಲ್ಲಿ ಇರುವೆಯಂಥ ಅಕ್ಷರದಲ್ಲಿ ನಿಯಮಗಳಿದ್ದವು. ಬೆರಳಿಟ್ಟು ಓದಿದೆ. "ಸಾಲಗಾರರ ಕೋರಿಕೆಯ ಮೇರೆಗೆ ಕಂತುಗಳಿಗೆ ಬಿಡುವು ನೀಡಲಾಗುವುದು."

"ಸಾಲಗಾರರ. ಇದು ಯಾವ ವಿಭಕ್ತಿ?"

"ಷಷ್ಠಿ ಟೀಚರ್."

"ಅಂದರೆ? ಕೋರಿಕೆ ಯಾರದು?"

"ಸಾಲಗಾರರದು."

"ಸಂಘದ್ದಲ್ಲ?"

 ಟೀಚರು ಮುಂದಿನವಳ ಲಗ್ನಪತ್ರಿಕೆಗೆ ಹೋದರು. ನಾನು ಅದೊಂದೇ ಸಾಲನ್ನು ಮತ್ತೆ ಮತ್ತೆ ಓದಿದೆ. 'ರ' ಅನ್ನುವ ಒಂದು ಅಕ್ಷರ. ಅದು ನನ್ನ ಕಡೆಗಿತ್ತು.

ಮಾರನೆಯ ದಿನ, ಗುರುವಾರ, ಕಿಟಕಿ ಬಿಟ್ಟು ಸಂಘದ ಒಳಗೇ ಹೋದೆ. ಗೌಸ್ ಸಾಹೇಬರು ಅಳೆಯಲು ಬರುವುದು ಶುಕ್ರವಾರ. ಮ್ಯಾನೇಜರು ಹಾಲಪ್ಪನವರು ಮೃದುವಾಗಿ ಮಾತನಾಡುವ ಮನುಷ್ಯ. ಕುರ್ಚಿ ತೋರಿಸಿದರು. ನಾನು ಅದರ ತುದಿಯಲ್ಲಿ ಕುಳಿತು, ದಾರಿಯಲ್ಲಿ ಬಾಯಿಪಾಠ ಮಾಡಿದ್ದನ್ನು ಹೇಳಿದೆ.

"ನನ್ನ ಕೋರಿಕೆ ತೋರಿಸಿ ಸರ್."

ಅವರು ಒಂದು ದಪ್ಪ ಪುಸ್ತಕ ತೆಗೆಸಿದರು. ನನ್ನ ಹೆಸರಿನ ಮುಂದೆ ಕೊಟ್ರೇಶಿಯ ಕೈಬರಹವಿತ್ತು: 'ಬಿಡುವು ಬೇಕೆಂದು ಓರಗಿತ್ತಿ ದಾಕ್ಷಾಯಣಿ ಮೂಲಕ ಬಾಯಿಮಾತು.'

ಓದಿದ ಕೂಡಲೇ ನನ್ನ ಮೈಯಲ್ಲಿ ಹರಿದದ್ದು ಸಿಟ್ಟಲ್ಲ. ಖುಷಿ. ಹೇಳಲು ನಾಚಿಕೆಯಾಗುತ್ತದೆ. ಮೂರು ತಿಂಗಳಿಂದ ಕಾರಣವಿಲ್ಲದೆ ಒಬ್ಬಳನ್ನು ದ್ವೇಷಿಸುತ್ತಿದ್ದೇನೆ ಎಂದು ನನ್ನನ್ನು ನಾನೇ ಬೈದುಕೊಂಡಿದ್ದೆ. ಈಗ ಕಾರಣ ಸಿಕ್ಕಿತ್ತು.

ಅಲ್ಲಿಂದ ನೇರವಾಗಿ ಅವಳ ಅಂಗಳಕ್ಕೆ ಹೋದೆ. ದಾಕ್ಷಾಯಣಿ ಅತ್ತೆಯ ಮಂಚದ ಪಕ್ಕ ಕುಳಿತು ಹುಣಸೆಹಣ್ಣು ಸುಲಿಯುತ್ತಿದ್ದಳು.

"ನನ್ನ ಕಂತು ನಿಲ್ಲಿಸು ಅಂತ ಸಂಘದವರಿಗೆ ಹೇಳಿದ್ದು ನೀನಾ?"

"ನಾನಾ? ಕಂತಿನ ಸುದ್ದಿ ನಾನ್ಯಾಕೆ ಎತ್ಲಿ?"

"ಬಿಡುವು ಬೇಕು ಅಂದಿದ್ದೀಯ. ಬರೆದಿದ್ದಾರೆ. ನಾನೇ ಓದಿದೆ."

ಅವಳು ಯೋಚಿಸಿದಳು. ಆಮೇಲೆ ಕೈಯಲ್ಲಿದ್ದ ಹಣ್ಣನ್ನು ಮೊರಕ್ಕೆ ಹಾಕಿದಳು. "ಅಯ್ಯೋ ಅದಾ. ಆ ಕೊಟ್ರೇಶಿ ಒಂದಿನ ಮಧ್ಯಾಹ್ನ ಬಂದು ನೀರು ಕೇಳ್ದ. ನಿಮ್ಮನೇಲಿ ಯಾರಿಗಾದ್ರೂ ಬಿಡುವು ಬೇಕೇನ್ರಮ್ಮ ಅಂದ. ನಾನು ನಗ್ತಾ ಅಂದೆ, ನಮ್ಮಕ್ಕಂಗೆ ಕೊಡಪ್ಪ, ಹಗಲೆಲ್ಲ ಬತ್ತಿ ಹೊಸೀತಾಳೆ, ಸಂಜೆ ಆದ್ರೆ ಸ್ಲೇಟು ಹಿಡ್ಕಂಡು ಓಡ್ತಾಳೆ, ಅವಳಿಗೆ ತಲೆ ಬಾಚ್ಕಳಕ್ಕೂ ಬಿಡುವಿಲ್ಲ ಅಂತ. ಅವನು ಏನೋ ಗೀಚ್ಕಂಡ. ನಾನೇನು ಕಂಡೆ, ಅದು ಆ ಬಿಡುವು ಅಂತ."

"ಸ್ಲೇಟಿನ ಮಾತು ಯಾಕೆ ಬೇಕಿತ್ತು ಅಲ್ಲಿ?"

"ಯಾಕೋ ಬಂತು. ಸ್ವಲ್ಪ ಉರೀತದೆ ಅಂತಲೇ ಇಟ್ಕ. ನೀನು ಬಸ್ಸಿನ ಬೋರ್ಡು ಓದ್ತೀಯ, ನಾನು ಯಾರ್ನಾದ್ರೂ ಕೇಳ್ಬೇಕು."

ಅತ್ತೆ ಕಣ್ಣು ಮುಚ್ಚಿಕೊಂಡೇ, "ಮೆಲ್ಲಗೆ ಜಗಳ ಆಡ್ರೇ, ಈಗ ನಿದ್ದೆ ಹತ್ತಿತ್ತು" ಎಂದರು.

ನಾನು ಮತ್ತೆ ಸಂಘಕ್ಕೆ ಹೋದೆ. ನಡೆದದ್ದನ್ನು ಹಾಲಪ್ಪನವರಿಗೆ ಹೇಳಿದೆ. ಅವರು ಕೇಳಿಸಿಕೊಂಡು, ಬಹಳ ಹಗುರಾದವರಂತೆ ಒಂದು ಫಾರಮ್ಮು ನನ್ನ ಮುಂದಿಟ್ಟರು. "ಹಂಗಾದ್ರೆ ಸುಲಭ ಆಯ್ತಲ್ಲಮ್ಮ. ತಪ್ಪು ಮಾಹಿತಿ ಕೊಟ್ಟೋರು ದಾಕ್ಷಾಯಣಿ ಅಂತ ಸಹಿ ಹಾಕಿ. ನಿಮಗೆ ಆಗಿರೋ ನಷ್ಟ ಮೂರೂವರೆ ಗೇಣು. ಅವರ ನೆರಳಿನಾಗೆ ಕತ್ತರಿಸಿ ನಿಮಗೆ ಹಾಕ್ತೀವಿ. ನಾಳೆ ಬೆಳಿಗ್ಗೆ ಹತ್ತು ಗೇಣು ನಿಮ್ಮ ಅಂಗಳದಾಗಿರ್ತದೆ."

"ತಪ್ಪು ಬರೆದುಕೊಂಡವರು ನಿಮ್ಮವರಲ್ಲವಾ ಸರ್?"

"ಅದು ಕಮಿಟಿಗೆ ಹೋಗ್ತದೆ. ಕಮಿಟಿ ಯಾವಾಗ ಕೂರ್ತದೋ ನಂಗೂ ಗೊತ್ತಿಲ್ಲ."

ಪೆನ್ನು ನನ್ನ ಕೈಯಲ್ಲಿತ್ತು. ಸಹಿ ಹಾಕದೇ ಇದ್ದದ್ದಕ್ಕೆ ದೊಡ್ಡ ಕಾರಣ ಕೊಡಲಾರೆ. ಅವಳ ನೆರಳು ನನ್ನ ಅಂಗಳದಲ್ಲಿ ಬಿದ್ದರೆ ಬೀದಿಯವರು ಅದನ್ನು ಸಾಯುವ ತನಕ ದಾಕ್ಷಾಯಣಿಯ ನೆರಳು ಎಂದೇ ಕರೆಯುತ್ತಾರೆ ಎಂದು ಹೊಳೆಯಿತು. ಅದನ್ನು ನಾನು ತಡೆದುಕೊಳ್ಳಲಾರೆ. ನನಗೆ ನನ್ನದು ಬೇಕಿತ್ತು. ಫಾರಮ್ಮಿನ ಬೆನ್ನಿಗೆ ನನ್ನ ಮಾತನ್ನೇ ಬರೆದೆ: 'ನಾನು ಬಿಡುವು ಕೇಳಿಲ್ಲ. ನೀವು ನನ್ನನ್ನು ಕೇಳಿಲ್ಲ.' ನಾನು ಯಾವಾಗಲೂ ಕೇಳು ಎಂಬುದನ್ನು ಲಕಾರದಲ್ಲೇ ಬರೆದು ಟೀಚರ ಕೈಲಿ ಅನ್ನಿಸಿಕೊಳ್ಳುವವಳು. ಎರಡು ಕಡೆಯೂ ನಿಲ್ಲಿಸಿ, ಯೋಚಿಸಿ, ಳಕಾರವನ್ನೇ ಬರೆದೆ. ಕೆಳಗೆ ಸಹಿ ಹಾಕಿದೆ.

ಹಾಲಪ್ಪನವರು ಓದಿ, ಮಡಿಚಿ, ಡ್ರಾಯರಿನಲ್ಲಿಟ್ಟರು. "ಸರಿ, ನಾವು ಸರಿಮಾಡ್ತೀವಿ. ಮನೆಗೆ ಹೋಗ್ರಿ" ಎಂದರು. ಕಂತನ್ನು ಆವತ್ತೂ ತೆಗೆದುಕೊಳ್ಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಬಾಗಿಲು ತೆಗೆದೆ. ನನ್ನ ಅಂಗಳದಲ್ಲಿ ಹತ್ತು ಗೇಣು ನೆರಳು ಬಿದ್ದಿತ್ತು. ಕಡ್ಡಿ ಇಟ್ಟು ಎಣಿಸಬೇಕಾಗಿರಲಿಲ್ಲ, ಕಣ್ಣಿಗೇ ಕಾಣುತ್ತಿತ್ತು. ಎದುರಿಗೆ ದಾಕ್ಷಾಯಣಿಯದು ಆರೂವರೆ. ಅತ್ತೆಯ ಮಂಚದ ಅರ್ಧ ಬಿಸಿಲಿಗೆ ಬಿದ್ದಿತ್ತು.

ದಾಕ್ಷಾಯಣಿಯ ತಪ್ಪು ಎಂಬುದಕ್ಕೆ ನಾನು ಸಹಿ ಹಾಕಿರಲಿಲ್ಲ. ನನಗದು ಗೊತ್ತಿತ್ತು. ಆದರೂ ಬಾಗಿಲಲ್ಲಿ ನಿಂತೇ ಇದ್ದೆ. ಅತ್ತೆ ಎದ್ದು ಅತ್ತ ನೋಡಿ, ಇತ್ತ ನೋಡಿ, ಮಂಚವನ್ನು ದರದರ ಎಳೆದುಕೊಂಡು ನಮ್ಮ ಅಂಗಳಕ್ಕೆ ಬಂದರು. "ನಿನ್ನ ಕಡೆ ಗಾಳಿ ಚೆಂದಾಗೈತೆ" ಎಂದರು. ಹೂವಿನವಳು ಬಂದು ಬುಟ್ಟಿ ಇಳಿಸಿದಳು. ನಾನು ಒಳಗಿನಿಂದ ತಡಿಕೆ ತಂದು ಹಾಸಿದೆ. ಒಂಬತ್ತು ಗೇಣೂ ನೆರಳಿನಲ್ಲೇ ಕುಳಿತಿತು, ಮೇಲೆ ಒಂದು ಗೇಣು ಉಳಿಯಿತು. ಆ ಒಂದು ಗಂಟೆ ನಾನು ಸುಖವಾಗಿದ್ದೆ. ಜೀವನದಲ್ಲಿ ಅಷ್ಟು ಸುಖವಾಗಿ ಇದ್ದದ್ದು ಕಡಿಮೆ.

ದಾಕ್ಷಾಯಣಿ ನಲ್ಲಿಯಿಂದ ಬಂದಳು. ಕೊಡವನ್ನು ಸೊಂಟದ ಮೇಲಿಟ್ಟುಕೊಂಡೇ ತನ್ನ ಅಂಗಳ ನೋಡಿದಳು. ಬಿಸಿಲಿನ ಗೆರೆಯ ಹತ್ತಿರ ಹೋಗಿ ಪಾದದಿಂದ ನೆಲವನ್ನು ಒರೆಸಿ ನೋಡಿದಳು, ಅಲ್ಲೇನೋ ಚೆಲ್ಲಿದೆ ಎಂಬಂತೆ. ಆಮೇಲೆ ಸೆರಗು ತಲೆಯ ಮೇಲೆ ಎಳೆದುಕೊಂಡು ನನ್ನ ಕಡೆ ತಿರುಗಿದಳು. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ.

"ನಾನು ಕಟ್ಟಿದ್ದೆ ಅಲ್ವಾ ಅಕ್ಕ?" ಎಂದಳು. "ಹತ್ತು ಕಂತೂ ಕಟ್ಟಿದ್ದೆ ಅಲ್ವಾ? ಪುಸ್ತಕ ನೋಡಿ ಹೇಳು. ನಂಗೆ ಓದಕ್ಕೆ ಬರಲ್ಲ."

ಅವಳು ಒಳಗೆ ಹೋಗಿ ಪುಸ್ತಕ ತರುವಷ್ಟರಲ್ಲಿ ಗೌಸ್ ಸಾಹೇಬರ ಸೈಕಲ್ಲು ಬಂತು. ಅವರು ಗಂಟು ಹಾಕಿದ ಹಗ್ಗ ಬಿಚ್ಚಿ ನನ್ನ ಅಂಗಳ ಅಳೆದರು. "ಹತ್ತು. ಭೇಷ್" ಎಂದರು. ಸೈಕಲ್ಲಿನ ಸೀಟಿನ ಮೇಲೆ ನೋಟ್ ಬುಕ್ಕು ತೆರೆದು ಪೆನ್ನಿನ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿಕೊಂಡರು. "ಪೂರ್ತಿ ಹೆಸರು ಹೇಳಮ್ಮ, ಬರ್ಕೊಳ್ತೀನಿ."

ನನ್ನ ಪೂರ್ತಿ ಹೆಸರು ಗಂಗಾಂಬಿಕೆ. ಅಷ್ಟು ಹೇಳಿದರೆ ಸಾಕಾಗಿತ್ತು. ದಾಕ್ಷಾಯಣಿ ಪುಸ್ತಕವನ್ನು ತಲೆಕೆಳಗಾಗಿ ಹಿಡಿದುಕೊಂಡು ರಸ್ತೆಯ ನಡುವೆ ಬಿಸಿಲಿನಲ್ಲಿ ನಿಂತಿದ್ದಳು. ನಾನು ಓದಿ ಹೇಳಲಿ ಎಂದು ಕಾಯುತ್ತಿದ್ದಳು. ನಾನು ಏನು ಓದಿದರೂ ಅವಳು ನಂಬುತ್ತಿದ್ದಳು.

"ಇದರಲ್ಲಿ ಮೂರೂವರೆ ಗೇಣು ನನ್ನದಲ್ಲ" ಎಂದೆ. 

ಗೌಸ್ ಸಾಹೇಬರು ಮುಚ್ಚಳವನ್ನು ಬಾಯಿಂದ ತೆಗೆದರು. "ಮತ್ತೆ ಯಾರದು?"

"ಅವಳದು. ಸಂಘದವರು ನಿನ್ನೆ ಕತ್ತರಿಸಿದ್ದಾರೆ. ಅವಳನ್ನು ಕೇಳಿಲ್ಲ."

"ನಂಗೆ ಇವತ್ತು ಅಳತೆ ಬೇಕು ತಾಯಿ. ಅವಳಿಗೆ ಬತ್ತಿ ಬರಲ್ಲ, ನಿಂಗೆ ನೆರಳಿಲ್ಲ. ನಾನು ಹಿಂದಿನ ಬೀದಿಗೆ ಹೋಗ್ಬೇಕಾಗ್ತದೆ. ಬೇಜಾರು ಮಾಡ್ಕೋಬೇಡ."

ಅವರು ಸೈಕಲ್ಲು ಹತ್ತಿ ಹೋದರು. ಅವರು ತಿರುವಿನಲ್ಲಿ ಮರೆಯಾಗುವ ತನಕ ನೋಡಿದೆ. ಆಮೇಲೆ ದಾಕ್ಷಾಯಣಿಯ ಕೈಯಿಂದ ಪುಸ್ತಕ ಕಿತ್ತುಕೊಂಡು, "ಹತ್ತು ಕಂತೂ ಕಟ್ಟಿದ್ದೀಯ. ನಡಿ" ಎಂದೆ. ಸಂಘದವರೆಗೂ ಅವಳಿಗಿಂತ ಮುಂದೆ ಮುಂದೆಯೇ ನಡೆದೆ. ನನ್ನ ಆರ್ಡರು ಹೋಗಿತ್ತು. ಅವಳ ಮೇಲೆ ನನಗೆ ಆಗ ಇದ್ದಷ್ಟು ಸಿಟ್ಟು ಯಾವತ್ತೂ ಇರಲಿಲ್ಲ. ಅವಳು ಎರಡು ಹೆಜ್ಜೆ ಹಿಂದೆ ಬರುತ್ತ, "ಮೆಲ್ಲಗೆ ನಡಿಯೇ, ಚಪ್ಪಲಿ ಕಿತ್ತೋಗೈತೆ" ಎನ್ನುತ್ತಿದ್ದಳು.

ಹಾಲಪ್ಪನವರು ನಮ್ಮಿಬ್ಬರನ್ನೂ ಒಟ್ಟಿಗೆ ಕಂಡು ಕುರ್ಚಿ ತೋರಿಸಲಿಲ್ಲ. "ನಿಮಗೆ ನೆರಳು ಬಂತಲ್ಲಮ್ಮ, ಇನ್ನೇನು?" ಎಂದರು.

"ಇವಳನ್ನು ಕೇಳಿದಿರಾ ಸರ್?"

"ನಿನ್ನೆ ನೀವೇ ಬರೆದುಕೊಟ್ರಲ್ಲ, ಸಾಲಗಾರರೇ ಕೇಳಬೇಕು ಅಂತ. ಹಂಗಾದ್ರೆ ಇದೂ ಅವರೇ ಬರೆದುಕೊಡ್ಲಿ. ನೀವು ಬರೆದ್ರೆ ಅದು ಇನ್ನೊಬ್ಬರ ಬಾಯಿಮಾತು ಆಗ್ತದೆ."

ಅವಳಿಗೆ ಬರೆಯಲು ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.  ಬೇಳೆ ಡಬ್ಬಿಯಿಂದ ತಂದಿದ್ದ ಮೂರು ಕಂತಿನ ದುಡ್ಡನ್ನು ಮೇಜಿನ ಮೇಲಿಟ್ಟೆ. "ಇದನ್ನು ತಗೊಳ್ಳಿ ಸರ್. ತಗೊಳ್ಳಲ್ಲ ಅಂದರೆ ತಗೊಳ್ಳಲ್ಲ ಅಂತ ನೀವು ಬರೆದುಕೊಡಿ. ಯಾಕೆ ಅಂತಲೂ ಬರೆಯಿರಿ. ನಾನು ಓದ್ತೀನಿ" ಎಂದೆ. 

ಅವರು ಪೆನ್ನು ತೆಗೆದರು. ಕಾಗದ ಎಳೆದುಕೊಂಡರು. 'ತೆಗೆದುಕೊಳ್ಳಲಾಗುವುದಿಲ್ಲ, ಏಕೆಂದರೆ' ಎಂಬಷ್ಟು ಬರೆದು ನಿಲ್ಲಿಸಿದರು.  ಆಮೇಲೆ ಆ ಕಾಗದವನ್ನು ಮುದ್ದೆ ಮಾಡಿ, ಕೊಟ್ರೇಶಿಯನ್ನು ಕೂಗಿ, "ಇವರದು ಬಿಡುವು ರದ್ದು ಮಾಡಪ್ಪ. ಮೂರೂ ಕಂತಿಗೆ ರಸೀದಿ ಕೊಡು" ಎಂದರು. ಬಡ್ಡಿಗೆ ಹೋದ ಅರ್ಧ ಗೇಣು ಕಮಿಟಿಗೆ ಹೋಗುತ್ತದೆ ಎಂದರು. ಅದು ಇನ್ನೂ ಅಲ್ಲೇ ಇದೆ.

ದಾಕ್ಷಾಯಣಿಯ ಮೂರೂವರೆ ಗೇಣು ಉಳಿದಿತ್ತು. "ಅವರದು ಅವರ ಕೈಯಿಂದ" ಎಂದು ಹಾಲಪ್ಪನವರು ಬೇರೆ ಕಾಗದ ನೋಡತೊಡಗಿದರು. ನಾನು ಇಂಕಿನ ಡಬ್ಬಿಗೆ ಕೈ ಚಾಚಿದೆ.

"ಹೆಬ್ಬೆಟ್ಟು ಬ್ಯಾಡ" ಎಂದಳು ದಾಕ್ಷಾಯಣಿ. "ನೀನು ಅದೇನು ಬರೆದೆಯಲ್ಲ, ತೋರ್ಸು. ನೋಡ್ಕಂಡು ಬರೀತೀನಿ."

"ಅದು ಹಾಗೆ ಬರುವುದಿಲ್ಲ."

"ರಂಗೋಲಿ ನೋಡ್ಕಂಡು ಹಾಕಲ್ವಾ? ತೋರ್ಸೇ."

ನಾನು ಒಂದು ಚೀಟಿಯ ಮೇಲೆ 'ನನ್ನನ್ನು ಕೇಳಿಲ್ಲ' ಎಂದೂ ಕೆಳಗೆ ಅವಳ ಹೆಸರನ್ನೂ ಬರೆದು ಮುಂದಿಟ್ಟೆ. ಅವಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ನಾಲಿಗೆಯನ್ನು ತುಟಿಯ ಮೂಲೆಗೆ ಒತ್ತಿ, ಸುಳಿ ಹಾಕುವಂತೆ ಒಂದೊಂದೇ ಗೆರೆಯನ್ನು ಎಳೆದಳು. ಅರ್ಧ ಗಂಟೆ ಹಿಡಿಯಿತು. ಕಿಟಕಿಯ ಸಾಲಿನಲ್ಲಿದ್ದ ಹೆಂಗಸರೆಲ್ಲ ಒಳಗೆ ಇಣುಕಿದರು. ಯಾರೂ ಅವಸರ ಮಾಡಲಿಲ್ಲ. ಬರೆದು ಮುಗಿಸಿ, ಕಾಗದವನ್ನು ನನಗೆ ಕೊಟ್ಟು, ತಪ್ಪಿದೆಯಾ ನೋಡು ಎಂದಳು.

ಮೂರು ಸಲ ನೋಡಿದೆ. ತಪ್ಪು ಸಿಗಲಿಲ್ಲ. ಅವಳ ಳಕಾರ ನನ್ನದಕ್ಕಿಂತ ದುಂಡಗಿತ್ತು. "ಸರಿಯಾಗಿದೆ" ಎಂದು ಕಾಗದವನ್ನು ಹಾಲಪ್ಪನವರ ಮೇಜಿನ ಮೇಲಿಟ್ಟೆ. ಆ ಅಕ್ಷರ ಕಲಿಯಲು ನನಗೆ ಒಂದು ವರ್ಷ ಹಿಡಿದಿತ್ತು.